ಒಂದು ಕೈ, ಆರು ಎಲೆ
(ಉಪನ್ಯಾಸವೊಂದರ ಬರಹ ರೂಪ)

ಸಭಿಕರೆಲ್ಲರಿಗೂ ನಮಸ್ಕಾರ.

ನನ್ನ ಮುಂದಿನ ಮೇಜಿನ ಮೇಲೆ ಆರು ಇಸ್ಪೀಟು ಎಲೆಗಳಿವೆ. ಮೂರು ಕೆಂಪು, ಮೂರು ಕಪ್ಪು. ಇವುಗಳಿಂದ ಏನಾದರೂ ಚಮತ್ಕಾರ ಮಾಡಿ ತೋರಿಸುತ್ತೇನೆಂದು ತಾವು ನಿರೀಕ್ಷಿಸಬಾರದು; ನನ್ನ ಬೆರಳುಗಳ ಯೋಗ್ಯತೆ ಏನೆಂಬುದನ್ನು ಸ್ವಲ್ಪ ಹೊತ್ತಿನಲ್ಲೇ ನಾನಾಗಿ ಒಪ್ಪಿಕೊಳ್ಳಲಿದ್ದೇನೆ. ಎಲೆಗಳನ್ನು ತಂದಿರುವುದು ಒಂದು ಆಟವನ್ನು ವಿವರಿಸುವುದಕ್ಕೆ ಮಾತ್ರ. ಕೆಂಪೊಂದು, ಅದರ ಮೇಲೆ ಕಪ್ಪೊಂದು, ಮತ್ತೆ ಕೆಂಪು, ಮತ್ತೆ ಕಪ್ಪು, ಹೀಗೆ ಆರನ್ನೂ ಬಣ್ಣ ತಪ್ಪಿಸಿ ಒಂದರ ಮೇಲೊಂದು ಇಡುತ್ತಾರೆ. ಆಮೇಲೆ ಮಗುಚಿ ನೋಡಿದರೆ ಕೆಂಪು ಮೂರೂ ಒಟ್ಟಿಗೆ, ಕಪ್ಪು ಮೂರೂ ಒಟ್ಟಿಗೆ. ನೀರಿಗೆ ಸುರಿದ ಎಣ್ಣೆ ಎಷ್ಟು ಕಲಕಿದರೂ ಬೇರೆಯಾಗಿಯೇ ನಿಲ್ಲುವ ಹಾಗೆ ಈ ಬಣ್ಣಗಳೂ ಬೇರ್ಪಡುತ್ತವೆ; ಆದ್ದರಿಂದಲೇ ಜಾದೂಗಾರರ ಬಳಗದಲ್ಲಿ ಇದಕ್ಕೆ ‘ಎಣ್ಣೆ ಮತ್ತು ನೀರು’ ಎಂಬ ಹೆಸರು. ಬಲ್ಲವರು ಬಹಳ ಮಂದಿ ಇದನ್ನು ಮಾಡುತ್ತಾರೆ, ಮಾಡುವವರಲ್ಲಿ ಹೆಚ್ಚಿನವರು ಚಕಚಕನೆ ಮಾಡಿ ಮುಗಿಸುತ್ತಾರೆ.

ಅರ್ಜೆಂಟೀನಾದ ಒಬ್ಬರು ಮಾತ್ರ ಇದನ್ನು ನಿಧಾನವಾಗಿ ಮಾಡಿದರು. ಕೋಟು, ಟೈ ತೊಟ್ಟು ಮೇಜಿನ ಮುಂದೆ ಕೂತು, ಬಲತೋಳನ್ನು ಕೋಟಿನ ಜೇಬಿಗೆ ಸೇರಿಸಿ, ಎಡಗೈಯೊಂದರಿಂದಲೇ ಒಂದೊಂದು ಎಲೆಯನ್ನೂ ಗಾಜಿನ ಸಾಮಾನು ಇಟ್ಟಂತೆ ಇಡುತ್ತಿದ್ದರು. ಬಣ್ಣಗಳು ಬೇರೆಯಾದವು. ಇನ್ನೊಮ್ಮೆ ಇಟ್ಟರು, ಈ ಬಾರಿ ಮೊದಲಿಗಿಂತ ಸಾವಕಾಶವಾಗಿ, ಆಗಲೂ ಬೇರೆಯಾದವು. ಮತ್ತೊಮ್ಮೆ, ಇನ್ನೂ ಸಾವಕಾಶವಾಗಿ. ಕೊನೆಗೆ ತಲೆಯೆತ್ತಿ, ಇದಕ್ಕಿಂತ ನಿಧಾನವಾಗಿ ಮಾಡಲು ಆಗುವುದಿಲ್ಲ ಎಂದು ಹೇಳಿ, ಸ್ವಲ್ಪ ತಡೆದು, ಆಗಲೂಬಹುದೇನೋ ಎಂದು ಸೇರಿಸುತ್ತಿದ್ದರು. ಸ್ಪ್ಯಾನಿಷ್ ಭಾಷೆಯ ಆ ಒಂದು ಸಾಲು ಅವರ ಹೆಸರಿನೊಂದಿಗೆ ಅಂಟಿಕೊಂಡುಬಿಟ್ಟಿದೆ. ಅವರೇ ರೆನೆ ಲವಾಂದ್. ಯಾರ ಬಳಿಯೂ ಪಾಠ ಹೇಳಿಸಿಕೊಳ್ಳಲು ಸಾಧ್ಯವಿಲ್ಲದ ಸ್ಥಿತಿಯಲ್ಲಿ ಕಲಿತ ಈ ವ್ಯಕ್ತಿ ವೃತ್ತಿಪರ ಜಾದೂಗಾರರಾಗಿ ಜಗತ್ತು ಸುತ್ತುವಂತಾದದ್ದು ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಅವರ ಪೂರ್ಣ ಹೆಸರು ಎಕ್ತೊರ್ ರೆನೆ ಲವಾಂದೆರಾ. ಹುಟ್ಟಿದ್ದು 1928ರ ಸೆಪ್ಟೆಂಬರ್ 24ರಂದು, ಬ್ಯೂನಸ್ ಐರಿಸ್ ನಗರದಲ್ಲಿ. ತಾಯಿ ಶಾಲಾ ಶಿಕ್ಷಕಿ. ತಂದೆ ಪಾದರಕ್ಷೆ ವ್ಯಾಪಾರದಲ್ಲಿದ್ದವರು. ಏಳು ವರ್ಷದ ಹುಡುಗನಾಗಿದ್ದಾಗ ಅತ್ತೆಯೊಬ್ಬರು ಅವರನ್ನು ಚಾಂಗ್ ಎಂಬ ಹೆಸರಿನ ರಂಗಜಾದೂಗಾರನ ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಭಾರಿ ಉಡುಪು, ಭಾರಿ ಪರದೆ, ಹಿನ್ನೆಲೆ ವಾದ್ಯ, ಅಂಥ ವೈಭವದ ಕಾಲ ಅದು. ಹುಡುಗ ಬೆರಗಾಗಿ ಮನೆಗೆ ಮರಳಿದ. ಇದನ್ನು ಕಂಡ ಕುಟುಂಬದ ಗೆಳೆಯರೊಬ್ಬರು ಅವನಿಗೆ ಇಸ್ಪೀಟು ಎಲೆಗಳ ಒಂದು ಆಟವನ್ನು ಕಲಿಸಿಕೊಟ್ಟರು. ಅವರ ಬದುಕಿನಲ್ಲಿ ಗುರುವಿನಿಂದ ಪಡೆದ ಪಾಠ ಎಂದು ಕರೆಯಬಹುದಾದದ್ದು ಹೆಚ್ಚುಕಡಿಮೆ ಅದೊಂದೇ, ಮತ್ತು ಆಗ ಅವರಿಗೆ ಎರಡು ಕೈಗಳಿದ್ದವು.

ಒಂಬತ್ತನೆಯ ವಯಸ್ಸಿನಲ್ಲಿ, ಕುಟುಂಬವು ಬ್ಯೂನಸ್ ಐರಿಸ್ ಪ್ರಾಂತ್ಯದ ಕೊರೊನೆಲ್ ಸ್ವಾರೆಸ್ ಎಂಬ ಊರಿಗೆ ಬಂದಿದ್ದಾಗ, ಕಾರ್ನಿವಲ್ ಹಬ್ಬದ ದಿನ ಬೀದಿಯಲ್ಲಿ ಕಾರೊಂದು ಅವರ ಬಲಗೈಯ ಮೇಲೆ ಹರಿಯಿತು. ವೈದ್ಯರು ಮೊಣಕೈಯನ್ನು ಉಳಿಸಿದರು, ಅದರ ಕೆಳಗಿನದನ್ನು ಉಳಿಸಲಾಗಲಿಲ್ಲ. ಈ ಘಟನೆಯನ್ನು ಹೇಳುವವರೆಲ್ಲ ಇಲ್ಲಿ ಕೊಂಚ ಭಾವುಕರಾಗಿ, ಆ ನಷ್ಟವೇ ಅವರನ್ನು ಕಲಾವಿದರನ್ನಾಗಿ ಮಾಡಿತು ಎನ್ನುವುದುಂಟು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ನಷ್ಟವು ತಾನಾಗಿ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಕೈ ಕಳೆದುಕೊಂಡವರೆಲ್ಲ ಜಾದೂಗಾರರಾಗುವುದಿಲ್ಲ, ಜಾದೂಗಾರರೆಲ್ಲ ಏನನ್ನಾದರೂ ಕಳೆದುಕೊಂಡವರೂ ಅಲ್ಲ. ಆ ಅಪಘಾತ ಅವರ ಮುಂದೆ ಒಂದು ತಾಂತ್ರಿಕ ಸಮಸ್ಯೆಯನ್ನು ಇಟ್ಟಿತು ಎಂದಷ್ಟೇ ಹೇಳುವುದು ನ್ಯಾಯ. ಆ ಸಮಸ್ಯೆ ಎಂಥದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅವರ ಸ್ವಯಂಶಿಕ್ಷಣದ ನಿಜವಾದ ಅರ್ಥ ಅಲ್ಲಿಯೇ ಇದೆ.

ಇಸ್ಪೀಟು ಕಟ್ಟು ಎಂದರೆ 52 ಎಲೆಗಳು. ದೊಡ್ಡವರ ಅಂಗೈಯಲ್ಲಿ ಸರಿಯಾಗಿ ಕೂರುವಷ್ಟು ಅಗಲ, ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ. ಎಡಗೈಯಲ್ಲಿ ಕಟ್ಟನ್ನು ಹಿಡಿಯುವ ಸಾಂಪ್ರದಾಯಿಕ ಹಿಡಿತದಲ್ಲಿ ಹೆಬ್ಬೆರಳು ಮೇಲೆ ಮಲಗಿರುತ್ತದೆ, ತೋರುಬೆರಳು ಮುಂಭಾಗದ ಅಂಚಿಗೆ ಆನಿಕೊಂಡಿರುತ್ತದೆ, ಉಳಿದ ಮೂರು ಬೆರಳುಗಳು ಬಲಪಕ್ಕದ ಅಂಚನ್ನು ಸುತ್ತಿಕೊಂಡಿರುತ್ತವೆ. ಈ ಹಿಡಿತ ಇರುವುದೇ ಬಲಗೈ ಬಂದು ಕೆಲಸ ಮಾಡಲಿ ಎಂದು. ಎಡಗೈ ಹಿಡಿಯುತ್ತದೆ, ಬಲಗೈ ತೆಗೆಯುತ್ತದೆ. ಎಡಗೈ ತಳ್ಳುತ್ತದೆ, ಬಲಗೈ ಸ್ವೀಕರಿಸುತ್ತದೆ. ಕಲಸುವುದು, ಕಟ್ ಮಾಡುವುದು, ಹಂಚುವುದು ಎಲ್ಲವೂ ಎರಡು ಕೈಗಳ ನಡುವಿನ ಕೊಡುಕೊಳ್ಳುವಿಕೆ. ಇದು ಹೊರಗೆ ಕಾಣುವ ಕೆಲಸವಾಯಿತು. ಒಳಗಿನ ಕೆಲಸ ಇನ್ನೂ ಮುಖ್ಯವಾದದ್ದು: ಒಂದು ಕೈ ಗುಟ್ಟಾಗಿ ಮಾಡುವುದನ್ನು ಇನ್ನೊಂದು ಕೈ ಮರೆಮಾಡುತ್ತದೆ. ಬಲಗೈಯ ಬೆನ್ನು ಒಂದು ಕ್ಷಣ ಪರದೆಯಾಗುತ್ತದೆ, ಬಲಗೈಯ ದೊಡ್ಡ ಚಲನೆಯೊಳಗೆ ಎಡಗೈಯ ಸಣ್ಣ ಚಲನೆ ಕರಗಿಹೋಗುತ್ತದೆ. ಒಂದೇ ಕೈ ಇರುವವನಿಗೆ ಹಿಡಿಯುವ ಕೈಯೇ ತೆಗೆಯುವ ಕೈಯೂ ಆಗಬೇಕು. ಗುಟ್ಟು ಮಾಡುವುದೂ ಅದೇ, ಗುಟ್ಟು ಮುಚ್ಚುವುದೂ ಅದೇ. ನೋಡುವವರಿಗೂ ಬೇರೆ ಕಡೆ ನೋಡಲು ಏನೂ ಇಲ್ಲ. ಆ ಒಂದು ಕೈಯನ್ನು ಬಿಟ್ಟು ಅವರ ಕಣ್ಣು ಎಲ್ಲಿಗೆ ಹೋಗಬೇಕು?

ಇದರ ಕಷ್ಟ ಮಾತಿನಲ್ಲಿ ತಿಳಿಯುವುದಿಲ್ಲವೆಂದು ನಾನೇ ಒಮ್ಮೆ ಪ್ರಯತ್ನಿಸಿ ನೋಡಿದೆ. ಒಂದೇ ಕೈಯಿಂದ ಕಟ್ಟನ್ನು ಎರಡು ಭಾಗ ಮಾಡಿ ಕೆಳಗಿನದನ್ನು ಮೇಲಕ್ಕೆ ತರುವ ಒಂದು ವರಸೆ ಇದೆ. ಅದರಲ್ಲಿ ಗುಟ್ಟೇನೂ ಇಲ್ಲ, ಕಲಿಯುವವರೆಲ್ಲ ಮೊದಮೊದಲು ಕಲಿಯುವಂಥದು. ಕಟ್ಟನ್ನು ಬೆರಳ ತುದಿಗಳಲ್ಲಿ ಎತ್ತಿ ಹಿಡಿದು, ಹೆಬ್ಬೆರಳನ್ನು ಸ್ವಲ್ಪ ಸಡಿಲಿಸಿದರೆ ಕೆಳಗಿನ ಅರ್ಧ ಅಂಗೈಗೆ ಬೀಳುತ್ತದೆ. ತೋರುಬೆರಳನ್ನು ಅದರ ಅಡಿಗೆ ತೂರಿಸಿ ಆ ಅರ್ಧವನ್ನು ಬಾಗಿಲು ತೆರೆದಂತೆ ಮೇಲಕ್ಕೆ ಎತ್ತಬೇಕು. ಅದು ಹೆಬ್ಬೆರಳನ್ನು ಮುಟ್ಟುವ ಹೊತ್ತಿಗೆ ಇನ್ನೊಂದು ಅರ್ಧ ಜಾರಿ ಕೆಳಗೆ ಕೂರಬೇಕು. ಹೇಳುವುದಕ್ಕೆ ಮೂರು ವಾಕ್ಯ. ನನಗೆ ಹದಿನೈದು ದಿನ ಎಲೆ ಹೆಕ್ಕುವ ಕೆಲಸವೇ ಆಯಿತು. ಅನುಭವಿಗಳೊಬ್ಬರು, ಮಂಚದ ಮುಂದೆ ನಿಂತು ಅಭ್ಯಾಸ ಮಾಡಿ, ಬಗ್ಗುವ ಶ್ರಮವಾದರೂ ಉಳಿಯುತ್ತದೆ ಎಂದು ಸಲಹೆ ಕೊಟ್ಟರು. ಆ ಸಲಹೆ ನಿಜವಾಗಿಯೂ ಉಪಯುಕ್ತ. ತಿಂಗಳ ಕೊನೆಗೆ ಎಲೆ ಬೀಳುವುದು ನಿಂತಿತು. ಆದರೆ ನನ್ನ ಮುಖದ ಮೇಲಿನ ಬಿಗಿತ ಎಷ್ಟಿತ್ತೆಂದರೆ, ನೋಡಿದವರು ಎಲೆಗಳ ಬದಲು ನನ್ನನ್ನೇ ಕನಿಕರದಿಂದ ನೋಡಿದರು. ಲವಾಂದ್ ಅವರಿಗೆ ಇದು ವರಸೆಗಳ ಪಟ್ಟಿಯ ಮೊದಲ ಸಾಲು. ಅಲ್ಲಿಂದ ಮುಂದೆ ದಾರಿ ತೋರಿಸುವ ಪುಸ್ತಕವಾಗಲಿ ಮನುಷ್ಯರಾಗಲಿ ಇರಲಿಲ್ಲ.

ಪುಸ್ತಕಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಇಸ್ಪೀಟು ಜಾದೂವಿನಲ್ಲಿ ತಾನೇ ಕಲಿತವರ ಪರಂಪರೆ ದೊಡ್ಡದಿದೆ, ಆ ಪರಂಪರೆಗೆ ಗುರುವಿನ ಸ್ಥಾನದಲ್ಲಿ ನಿಂತದ್ದು 1902ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಗ್ರಂಥ. ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಹೆಸರಿನಲ್ಲಿ ಅದನ್ನು ಬರೆದವರು ನಿಜವಾಗಿ ಯಾರು ಎಂಬುದು ಇಂದಿಗೂ ನಿರ್ಣಯವಾಗಿಲ್ಲ. ತನಗೆ ಹಣದ ಅಗತ್ಯವಿರುವುದರಿಂದ ಬರೆಯುತ್ತಿದ್ದೇನೆ ಎಂಬರ್ಥದ ಮಾತನ್ನು ಆ ಪುಣ್ಯಾತ್ಮರು ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಜೂಜುಕೋರರ ಮೋಸದ ವರಸೆಗಳನ್ನೂ ಜಾದೂಗಾರರ ವರಸೆಗಳನ್ನೂ ಬೆರಳು ಬೆರಳಿನ ಲೆಕ್ಕದಲ್ಲಿ, ಚಿತ್ರಸಮೇತ ವಿವರಿಸುವ ಆ ಗ್ರಂಥವನ್ನು ಎಳೆವಯಸ್ಸಿನಲ್ಲೇ ಅರೆದು ಕುಡಿದವರು ಕೆನಡಾದ ಒಟ್ಟಾವಾದಲ್ಲಿ 1894ರಲ್ಲಿ ಹುಟ್ಟಿದ ಡೈ ವರ್ನನ್. ಯಾವುದೇ ಆಟವನ್ನು ಮೂರು ಸಲ ನೋಡಿದರೆ ಅದರ ಗುಟ್ಟು ಹೇಳಬಲ್ಲೆನೆಂದು ಕೊಚ್ಚಿಕೊಳ್ಳುತ್ತಿದ್ದ ಪ್ರಸಿದ್ಧ ಜಾದೂಗಾರ ಹೂಡಿನಿಗೆ 1922ರಲ್ಲಿ ಶಿಕಾಗೋದಲ್ಲಿ ವರ್ನನ್ ಒಂದು ಆಟ ತೋರಿಸಿದರು. ಹೂಡಿನಿಯ ಹೆಸರಿನ ಅಕ್ಷರಗಳನ್ನು ಬರೆಸಿಕೊಂಡ ಎಲೆಯನ್ನು ಕಟ್ಟಿನ ಮೇಲಿನಿಂದ ಎರಡನೆಯದಾಗಿ ಇಟ್ಟರೆ ಅದು ಮತ್ತೆ ಮತ್ತೆ ಮೊದಲನೆಯದಾಗಿ ಮೇಲೇರುತ್ತಿತ್ತು. ಮೂರು ಸಲಕ್ಕಿಂತ ಹೆಚ್ಚೇ ನೋಡಿದರೂ ಹೂಡಿನಿಗೆ ಅದರ ಗುಟ್ಟು ಹೊಳೆಯಲಿಲ್ಲ.

ವರ್ನನ್ ಅವರನ್ನು ಇಲ್ಲಿ ನೆನೆಯುವುದಕ್ಕೆ ಒಂದು ಕಾರಣವಿದೆ. ಇಪ್ಪತ್ತನೆಯ ಶತಮಾನದ ಜಾದೂಗಾರರೆಲ್ಲ ತಲೆಬಾಗಿದ ಆ ಕೈಗಳು ಬಹಳ ವರ್ಷ ಹೊಟ್ಟೆ ಹೊರೆದದ್ದು ಕತ್ತರಿಯಿಂದ. ಗಿರಾಕಿಯನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ ಕಪ್ಪು ಕಾಗದದಲ್ಲಿ ಮುಖದ ಪಾರ್ಶ್ವಚಿತ್ರ ಕತ್ತರಿಸಿ ಕೊಡುವುದು ಅವರ ಜೀವನೋಪಾಯವಾಗಿತ್ತು. ಅಂದರೆ ಕೈಯಲ್ಲಿರುವ ವಿದ್ಯೆ ಒಂದು, ಅದರಿಂದ ಬದುಕುವುದು ಮತ್ತೊಂದು. ಮೊದಲನೆಯದನ್ನು ಬಾಗಿಲು ಹಾಕಿಕೊಂಡು ಕಲಿಯಬಹುದು, ಎರಡನೆಯದನ್ನು ಹಾಗೆ ಕಲಿಯಲಾಗದು. ಸ್ವಯಂಶಿಕ್ಷಿತರ ಬಗ್ಗೆ ನಾವು ಆಡುವ ಮೆಚ್ಚುಗೆಯ ಮಾತುಗಳಲ್ಲಿ ಈ ಎರಡೂ ಸಾಮಾನ್ಯವಾಗಿ ಕಲಸಿಹೋಗುತ್ತವೆ, ಅದರಿಂದ ಎರಡಕ್ಕೂ ಅನ್ಯಾಯವಾಗುತ್ತದೆ.

ಲವಾಂದ್ ಅವರ ಕಥೆಗೆ ಮರಳುತ್ತೇನೆ. ಹದಿನಾಲ್ಕರ ಹೊತ್ತಿಗೆ ಕುಟುಂಬ ತಾಂದಿಲ್ ಎಂಬ ಊರಿಗೆ ಬಂತು. ಕೊನೆಯವರೆಗೂ ಅದೇ ಅವರ ಊರಾಯಿತು. ಬ್ಯೂನಸ್ ಐರಿಸ್ ಪ್ರಾಂತ್ಯದ ಬಯಲಿನ ನಡುವೆ ಗುಡ್ಡಗಳಿರುವ ಊರು ಅದು. ಒಂದು ಕಾಲಕ್ಕೆ ಆ ಊರು ಹೆಸರಾಗಿದ್ದದ್ದು ಅಲ್ಲಿನ ತೂಗುಬಂಡೆಯಿಂದ. ನೂರಾರು ಟನ್ ತೂಕದ ಆ ಬಂಡೆ ಬೆಟ್ಟದ ಅಂಚಿನಲ್ಲಿ ಈಗಲೋ ಆಗಲೋ ಎಂಬಂತೆ ನಿಂತು, ಕಣ್ಣಿಗೆ ಕಾಣದಷ್ಟು ಮೆಲ್ಲಗೆ ತೂಗುತ್ತಿತ್ತಂತೆ. ಅದು ಚಲಿಸುತ್ತಿದೆಯೆಂದು ನಂಬದವರು ಅದರ ಅಡಿಗೆ ಬಾಟಲಿ ಇಟ್ಟು, ಅದು ಪುಡಿಯಾಗುವುದನ್ನು ಕಾದು ನೋಡುತ್ತಿದ್ದರೆಂದು ಹೇಳುತ್ತಾರೆ. 1912ರ ಫೆಬ್ರವರಿ 29ರಂದು ಅದು ಉರುಳಿಬಿತ್ತು. ಲವಾಂದ್ ಆ ಊರಿಗೆ ಬಂದದ್ದು ಅದಾದ ಮೂರು ದಶಕಗಳ ನಂತರ, ಬಂಡೆಗೂ ಅವರ ಕಲೆಗೂ ಸಂಬಂಧ ಕಲ್ಪಿಸುವುದು ಕವಿಗಳಿಗೆ ಬಿಟ್ಟ ವಿಷಯ. ಆದರೂ ಕಣ್ಣಿಗೆ ಕಾಣದಷ್ಟು ನಿಧಾನವಾದ ಚಲನೆಗೆ ಹೆಸರಾದ ಊರಿನಿಂದಲೇ ಅವರು ಬಂದರೆಂಬುದು ನೆನಪಿಗೆ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ತಾಂದಿಲ್‌ನಲ್ಲಿ ಅವರು ಬ್ಯಾಂಕ್ ನೌಕರರಾದರು. ಹಗಲು ಕಚೇರಿ, ಉಳಿದ ಹೊತ್ತು ಎಲೆಗಳು. ಈ ಬ್ಯಾಂಕಿನ ವರ್ಷಗಳನ್ನು ಜೀವನಕಥೆ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ಅಲ್ಲಿ ಹೇಳಿಕೊಳ್ಳುವಂಥ ಘಟನೆ ಏನೂ ಇಲ್ಲ ಎಂಬ ಕಾರಣಕ್ಕೆ. ನನಗೆ ಕಾಣುವಂತೆ ಅವರ ಏಳಿಗೆಯ ಬಹುಭಾಗ ನಡೆದದ್ದು ಆ ಘಟನೆಯಿಲ್ಲದ ವರ್ಷಗಳಲ್ಲೇ. ತಿಂಗಳ ಸಂಬಳ ಇದ್ದುದರಿಂದ ಅರೆಬೆಂದ ವಿದ್ಯೆಯನ್ನು ಮಾರಾಟಕ್ಕಿಡುವ ಒತ್ತಡ ಅವರಿಗೆ ಇರಲಿಲ್ಲ. ಹತ್ತೊಂಬತ್ತರಲ್ಲೋ ಇಪ್ಪತ್ತರಲ್ಲೋ ವೇದಿಕೆ ಹತ್ತಿದ್ದರೆ ಅವರು ‘ಒಂದೇ ಕೈಯ ಹುಡುಗ’ ಎಂಬ ಕುತೂಹಲದ ವಸ್ತುವಾಗಿ ಒಂದೆರಡು ವರ್ಷ ನಡೆದು ಮರೆತುಹೋಗುವ ಸಾಧ್ಯತೆ ಬಹಳವಿತ್ತು. ಬ್ಯಾಂಕು ಅವರನ್ನು 32ರ ವಯಸ್ಸಿನವರೆಗೆ ಕಾಪಾಡಿತು.

ಒಬ್ಬರೇ ಕಲಿಯುವವರ ದೊಡ್ಡ ಶತ್ರು ಕನ್ನಡಿ ಎಂದರೆ ತಮಗೆ ಆಶ್ಚರ್ಯವಾಗಬಹುದು. ಗುರುವಿಲ್ಲದವರು ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡುತ್ತಾರೆ. ಕೈ ಹೇಗೆ ಕಾಣುತ್ತದೆಂದು ತಿಳಿಯಲು ಬೇರೆ ಉಪಾಯವಿರಲಿಲ್ಲ. ಜಾದೂಗಾರರು ತಮ್ಮತಮ್ಮೊಳಗೆ ಹೇಳಿಕೊಂಡು ನಗುವ ಒಂದು ಸತ್ಯವೆಂದರೆ, ಹೀಗೆ ಅಭ್ಯಾಸ ಮಾಡುವವನು ಗುಟ್ಟಿನ ಚಲನೆ ಬರುವ ಸರಿಯಾದ ಕ್ಷಣದಲ್ಲಿ ತನಗೆ ಗೊತ್ತಿಲ್ಲದೆಯೇ ಕಣ್ಣು ಮಿಟುಕಿಸುತ್ತಾನೆ. ತನ್ನ ಮೋಸವನ್ನು ತಾನು ನೋಡಲಾರ. ಕನ್ನಡಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದುಕೊಂಡು ನಾಲ್ಕು ಜನರ ಮುಂದೆ ಕೂತರೆ ಅವರು ಕಣ್ಣು ಮಿಟುಕಿಸುವುದಿಲ್ಲ. ನಮ್ಮ ‘ಕಣ್ಕಟ್ಟು’ ಎಂಬ ಶಬ್ದ ಎದುರಿನವರ ಕಣ್ಣು ಕಟ್ಟುವುದನ್ನು ಹೇಳುತ್ತದೆ. ಸ್ವಯಂಶಿಕ್ಷಿತ ಮೊದಲು ಕಟ್ಟಿಕೊಳ್ಳುವುದು ತನ್ನದೇ ಕಣ್ಣನ್ನು.

ಇನ್ನೊಂದು ತೊಡಕು ಇದೆ. ಕನ್ನಡಿಗೆ ಬೇಸರವಾಗುವುದಿಲ್ಲ. ಒಂದು ಆಟ ಹತ್ತು ಸೆಕೆಂಡು ಉದ್ದವಾಯಿತೆಂದು ಅದು ಆಕಳಿಸುವುದಿಲ್ಲ, ಎಲ್ಲಿ ಉಸಿರು ಬಿಗಿಹಿಡಿಯಬೇಕು, ಎಲ್ಲಿ ನಗಬೇಕು ಎಂದು ತಿಳಿಸುವುದಿಲ್ಲ. ಬೆರಳನ್ನು ಏಕಾಂತದಲ್ಲಿ ಪಳಗಿಸಬಹುದು. ಮೌನ ಎಷ್ಟು ಹೊತ್ತು ಇರಬೇಕೆಂಬುದನ್ನು ಪಳಗಿಸಲು ಎದುರಿಗೆ ಮನುಷ್ಯರು ಬೇಕೇ ಬೇಕು. ಲವಾಂದ್ ಅವರ ಪ್ರದರ್ಶನದ ದೃಶ್ಯಗಳನ್ನು ನೋಡಿದವರಿಗೆ, ಅವರ ಅತ್ಯಂತ ನಿಖರವಾದ ಸಾಧನ ಬೆರಳಲ್ಲ, ಎರಡು ಮಾತಿನ ನಡುವಿನ ಬಿಡುವು ಎಂಬುದು ತಿಳಿಯುತ್ತದೆ. ಅದನ್ನು ಅವರು ಜನರಿಂದ ಕಲಿತರೆನ್ನುವುದರಲ್ಲಿ ನನಗೆ ಅನುಮಾನವಿಲ್ಲ. ‘ತಾನೇ ಕಲಿತವರು’ ಎಂಬ ಬಿರುದನ್ನು ಅಷ್ಟರ ಮಟ್ಟಿಗೆ ತಿದ್ದಿಕೊಂಡೇ ಅವರಿಗೆ ಕೊಡಬೇಕು.

ತಿರುವು ಬಂದದ್ದು 1960ರ ಸುಮಾರಿಗೆ. ಜಾದೂಗಾರರ ಸ್ಪರ್ಧೆಯೊಂದರಲ್ಲಿ ಕೈಚಳಕದ ವಿಭಾಗದ ಬಹುಮಾನ ಒಂದೇ ಕೈಯ ಈ ಬ್ಯಾಂಕ್ ನೌಕರರಿಗೆ ಸಂದಿತು. ಎರಡು ಕೈಯವರು ಎರಡು ಕೈಯವರಿಗಾಗಿ ರೂಪಿಸಿದ ವಿಭಾಗ ಅದು ಎಂಬುದನ್ನು ಗಮನಿಸಬೇಕು. ಅಲ್ಲಿಂದ ಬ್ಯೂನಸ್ ಐರಿಸ್‌ನ ನಾಸಿಯೊನಾಲ್, ತಬಾರಿಸ್ ರಂಗಮಂದಿರಗಳ ಬಾಗಿಲು ತೆರೆಯಿತು. ಬ್ಯಾಂಕಿನ ಕೆಲಸ ಬಿಟ್ಟರು. ಲವಾಂದೆರಾ ಎಂಬ ಮನೆತನದ ಹೆಸರಿನ ಬಾಲ ಕತ್ತರಿಸಿ ಲವಾಂದ್ ಆದರು. ಮೆಕ್ಸಿಕೋ, ಅಮೆರಿಕ, ಮುಂದೆ ಯುರೋಪು. ಅಮೆರಿಕದಲ್ಲಿ ಎಡ್ ಸಲಿವನ್, ಜಾನಿ ಕಾರ್ಸನ್ ಅವರಂಥವರ ದೂರದರ್ಶನ ಕಾರ್ಯಕ್ರಮಗಳು. ಊರುಗಳ ಪಟ್ಟಿಯನ್ನು ಬೆಳೆಸುವುದರಿಂದ ಪ್ರಯೋಜನವಿಲ್ಲ. ಅದಕ್ಕಿಂತ, ಆ ಕಾಲದಲ್ಲಿ ಇಸ್ಪೀಟು ಜಾದೂಗಾರನೊಬ್ಬ ವೃತ್ತಿಯಿಂದ ಬದುಕುವುದು ಹೇಗೆ ಸಾಧ್ಯವಾಯಿತು ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಎಲೆಯೊಂದು ಅಂಗೈ ಅಗಲ. ಸಾವಿರ ಜನ ಕೂರುವ ರಂಗಮಂದಿರದ ಕೊನೆಯ ಸಾಲಿನವನಿಗೆ ಅದು ಎಕ್ಕವೋ ಗುಲಾಮನೋ ಕಾಣುವುದಿಲ್ಲ. ಅದಕ್ಕಾಗಿಯೇ ಹಳೆಯ ರಂಗಜಾದೂಗಾರರು ಪೆಟ್ಟಿಗೆ, ಗರಗಸ, ಪಾರಿವಾಳ, ಪರದೆಗಳ ಮೊರೆಹೋದರು. ಎಲೆಗಳನ್ನು ಹಿಡಿದರೂ ಬೀಸಣಿಗೆಯಂತೆ ಬಿಡಿಸಿ ಗಾಳಿಯಲ್ಲಿ ಮಾಯಮಾಡುವ ದೊಡ್ಡ ಆಟಗಳಿಗೆ ಹಿಡಿದರು. ಮೇಜಿನ ಮೇಲೆ ಆರು ಎಲೆ ಇಟ್ಟು ಮೆಲುದನಿಯಲ್ಲಿ ಮಾತನಾಡುವ ಕಲೆಗೆ ಅಲ್ಲಿ ಜಾಗವಿರಲಿಲ್ಲ. ದೂರದರ್ಶನದ ಕ್ಯಾಮರಾ ಬಂದ ಮೇಲೆ ಪ್ರತಿ ಮನೆಯ ವೀಕ್ಷಕನೂ ಮೊದಲ ಸಾಲಿನವನಾದ, ಅಷ್ಟೇಕೆ, ಮೇಜಿಗೇ ಮೊಣಕೈ ಊರಿ ಕೂತವನಾದ. ಕ್ಯಾಮರಾ ಕೈಯ ಹತ್ತಿರ ಬಂದಷ್ಟೂ ಎರಡು ಕೈಯ ಜಾದೂಗಾರನಿಗೆ ಸಂಕಟ, ಅವನ ಮರೆಗಳು ಒಂದೊಂದಾಗಿ ಕಳಚುತ್ತವೆ. ಮರೆಯೇ ಇಲ್ಲದೆ ಇಪ್ಪತ್ತು ವರ್ಷ ದುಡಿದ ಲವಾಂದ್ ಅವರಿಗೆ ಕ್ಯಾಮರಾ ಹೊಸದಾಗಿ ಕಿತ್ತುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಅವರ ಅದೃಷ್ಟವೆಂದರೆ ಇದೇ ಇರಬೇಕು: ಅವರು ಸಿದ್ಧರಾಗುವ ಹೊತ್ತಿಗೆ ಕಾಲವೂ ಅವರಿಗೆ ಸಿದ್ಧವಾಗಿತ್ತು.

ಈಗ ಆ ನಿಧಾನದ ಬಗ್ಗೆ. ಕೈಯ ಜಾದೂವಿಗೆ ಯುರೋಪಿನ ಭಾಷೆಗಳಲ್ಲಿ ಬಳಕೆಯಲ್ಲಿರುವ ‘ಪ್ರೆಸ್ಟಿಡಿಜಿಟೇಶನ್’ ಎಂಬ ಶಬ್ದಕ್ಕೆ ಚುರುಕು ಬೆರಳಿನ ವಿದ್ಯೆ ಎಂದರ್ಥ. ನಮ್ಮ ‘ಕೈಚಳಕ’ವೂ ಅದೇ ಅಲ್ಲವೇ? ಚಳಕ ಎಂದರೆ ಚುರುಕು, ವೇಗ. ಗುಟ್ಟು ವೇಗದಲ್ಲಿದೆ, ಕೈ ಕಣ್ಣಿಗಿಂತ ಮುಂದೆ ಓಡುತ್ತದೆ ಎಂಬ ನಂಬಿಕೆ ಎಲ್ಲ ಭಾಷೆಗಳ ಒಳಗೂ ಕೂತಿದೆ. ಲವಾಂದ್ ಆ ಶಬ್ದದ ಮುಂಭಾಗವನ್ನು ಕಿತ್ತು ಅಲ್ಲಿ ‘ನಿಧಾನ’ವನ್ನು ಇಟ್ಟರು, ಸ್ಪ್ಯಾನಿಷ್‌ನಲ್ಲಿ ‘ಲೆಂತಿದಿಹಿತಾಸಿಯೋನ್’ ಎಂದು ತಮ್ಮ ಕಲೆಯನ್ನು ಕರೆದರು. ಕನ್ನಡದಲ್ಲಿ ಬೇಕಿದ್ದರೆ ‘ಕೈನಿಧಾನ’ ಎನ್ನಬಹುದು, ಕಿವಿಗೆ ಅಷ್ಟೇನೂ ಹಿತವಾಗಿಲ್ಲದಿದ್ದರೂ.

ಇದು ಬರಿಯ ಶಬ್ದದ ಆಟವಾಗಿರಲಿಲ್ಲ. ಕೈ ಕಣ್ಣಿಗಿಂತ ವೇಗ ಎಂಬ ಮಾತು ಬಹುಮಟ್ಟಿಗೆ ಸುಳ್ಳು ಎಂದು ಜಾದೂಗಾರರಿಗೆ ಮೊದಲಿನಿಂದಲೂ ಗೊತ್ತು. ಜೋರಾಗಿ ಚಲಿಸುವ ಕೈ ಕಣ್ಣನ್ನು ತಪ್ಪಿಸಿಕೊಳ್ಳುವುದಿಲ್ಲ, ಕಣ್ಣನ್ನು ಕರೆಯುತ್ತದೆ. ನೋಡುಗರು ಏನಾಯಿತೆಂದು ಹೇಳಲಾರರು, ನಿಜ. ಆದರೆ ಏನೋ ಆಯಿತೆಂದು ಅವರಿಗೆ ತಿಳಿದಿರುತ್ತದೆ. ‘ಎಷ್ಟು ಬೇಗ ಮಾಡಿದ!’ ಎಂದು ಹೊಗಳುತ್ತಾರೆ. ಆ ಹೊಗಳಿಕೆಯೊಳಗೆ ಒಂದು ವಿವರಣೆ ಅಡಗಿದೆ, ವಿವರಣೆ ಸಿಕ್ಕಿತೆಂದರೆ ಬೆರಗು ಅರ್ಧ ಇಳಿದಂತೆಯೇ. ನಿಧಾನವಾಗಿ ಮಾಡಿದರೆ ಈ ಆಸರೆಯೇ ತಪ್ಪಿಹೋಗುತ್ತದೆ. ಕೆಂಪು ಇಟ್ಟದ್ದನ್ನು ನೋಡಿದ್ದೇನೆ, ಕಪ್ಪು ಇಟ್ಟದ್ದನ್ನು ನೋಡಿದ್ದೇನೆ, ನನ್ನಿಂದ ಯಾವುದೂ ತಪ್ಪಲಿಲ್ಲ; ಹಾಗಾದರೆ ಇದು ಹೇಗೆ? ನೋಡುಗನು ತನ್ನ ಕಣ್ಣನ್ನೇ ಸಾಕ್ಷಿ ಕರೆಯುತ್ತಾನೆ, ಆ ಸಾಕ್ಷಿ ಅವನ ವಿರುದ್ಧವೇ ನುಡಿಯುತ್ತದೆ.

ನಮಗೆ ಕಾಣುವುದು ಕಣ್ಣಿನ ಮುಂದಿರುವುದಲ್ಲ, ಗಮನದ ಒಳಗಿರುವುದು ಎಂಬ ಸಂಗತಿಯನ್ನು ಮನಶ್ಶಾಸ್ತ್ರಜ್ಞರು ಬಹಳ ತಡವಾಗಿ ಪ್ರಯೋಗದಿಂದ ತೋರಿಸಿದರು. 1999ರಲ್ಲಿ ಸೈಮನ್ಸ್ ಮತ್ತು ಶಾಬ್ರಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು: ಚೆಂಡು ಎಸೆಯುವುದನ್ನು ಎಣಿಸುವುದರಲ್ಲಿ ಮುಳುಗಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆಟಗಾರರ ನಡುವೆ ಗೊರಿಲ್ಲಾ ವೇಷದವರು ಬಂದು ಎದೆ ಬಡಿದುಕೊಂಡು ಹೋದದ್ದೇ ಕಾಣಲಿಲ್ಲ. ಆ ವೇಷದವರು ಓಡಲಿಲ್ಲ, ಅಡಗಲಿಲ್ಲ, ಸಾವಧಾನವಾಗಿಯೇ ನಡೆದುಹೋದರು. ಲವಾಂದ್ ಅವರು ಈ ಪಾಠವನ್ನು ಪ್ರಯೋಗಶಾಲೆಯ ಹಂಗಿಲ್ಲದೆ, ತಮಗೆ ಬೇರೆ ದಾರಿಯಿಲ್ಲವೆಂಬ ಒಂದೇ ಕಾರಣದಿಂದ, ನಾಲ್ಕು ದಶಕ ಮೊದಲೇ ಮೇಜಿನ ಮೇಲೆ ಇಟ್ಟು ತೋರಿಸುತ್ತಿದ್ದರು. ಎರಡು ಕೈಯವರು ಕೈಯಿಂದ ಕೈಯನ್ನು ಮುಚ್ಚುತ್ತಾರೆ. ಅವರು ಮಾತಿನಿಂದ ಕೈಯನ್ನು ಮುಚ್ಚಿದರು. ಕಥೆ ಹೇಳುತ್ತಿದ್ದರು, ಗೆಳೆಯರು ಬರೆದುಕೊಟ್ಟ ಕಾವ್ಯದಂಥ ಸಾಲುಗಳನ್ನು ತಗ್ಗಿದ ಸ್ವರದಲ್ಲಿ ನುಡಿಯುತ್ತಿದ್ದರು. ಬ್ರೆಡ್ಡಿನ ಮೂರು ಚೂರು ಮತ್ತು ಒಂದು ಬಟ್ಟಲು ಮಾತ್ರ ಬಳಸಿ ಮಾಡುತ್ತಿದ್ದ ಅವರ ಇನ್ನೊಂದು ಆಟದಲ್ಲಿ, ಎಸೆದ ಚೂರು ಮತ್ತೆ ಮತ್ತೆ ಬಟ್ಟಲಿಗೆ ಮರಳುತ್ತದೆ. ಅಲ್ಲಿಯೂ ಕೈಗಿಂತ ಹೆಚ್ಚಾಗಿ ಕೆಲಸ ಮಾಡುವುದು ಅವರ ದನಿಯ ಏರಿಳಿತ. ಭಾಷೆ ಬರದವರೂ ಆ ದೃಶ್ಯವನ್ನು ನೋಡುತ್ತಾ ಕೂರುತ್ತಾರೆ; ನಾನೂ ಕೂತಿದ್ದೇನೆ.

ಕನಿಕರದ ಸಮಸ್ಯೆಯನ್ನು ಅವರು ನಿಭಾಯಿಸಿದ ರೀತಿಯೂ ವೃತ್ತಿಯ ದೃಷ್ಟಿಯಿಂದ ದೊಡ್ಡದು. ಇಲ್ಲದ ಕೈಯನ್ನು ಬಚ್ಚಿಡುವುದು, ಅಥವಾ ಅದನ್ನೇ ಮುಂದೊಡ್ಡಿ ಚಪ್ಪಾಳೆ ಕೇಳುವುದು, ಎರಡು ದಾರಿಗಳೂ ಸುಲಭ. ಜೇಬಿಗೆ ಸೇರಿಸಿದ ತೋಳು ಎಲ್ಲರಿಗೂ ಕಾಣುವಂತಿತ್ತು, ಆದರೆ ಆಟದ ವಿಷಯ ಅದಾಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೋಡುಗರು ಅದನ್ನು ಮರೆಯುತ್ತಿದ್ದರು. ಇದೇ ಪ್ರಶ್ನೆ ಅಮೆರಿಕದ ರಿಚರ್ಡ್ ಟರ್ನರ್ ಅವರಿಗೂ ಎದುರಾಯಿತು. ಅವರ ದೃಷ್ಟಿ ಕುಂದತೊಡಗಿದ್ದೂ ವಿಚಿತ್ರವೆಂಬಂತೆ ಒಂಬತ್ತನೆಯ ವಯಸ್ಸಿನಲ್ಲೇ. ಇಂದು ಎಲೆಗಳ ಮೇಲಿನ ಹಿಡಿತದಲ್ಲಿ ಅವರಿಗೆ ಸರಿಸಾಟಿಯಾದವರು ವಿರಳ. ಬಹಳ ವರ್ಷ ಅವರು ತಾವು ಕುರುಡರೆಂದು ಪ್ರೇಕ್ಷಕರಿಗೆ ತಿಳಿಸಲು ಒಪ್ಪುತ್ತಿರಲಿಲ್ಲ, ತಮ್ಮನ್ನು ಬರಿಯ ಎಲೆಗಾರನೆಂದು ಅಳೆಯಲಿ ಎಂಬ ಹಟ ಅದು. ವ್ಯತ್ಯಾಸವೆಂದರೆ ಟರ್ನರ್ ಅವರಿಗೆ ವರ್ನನ್ ಅವರೇ ಮಾರ್ಗದರ್ಶಕರಾಗಿ ಸಿಕ್ಕಿದ್ದರು, ಮತ್ತು ಅವರ ಎರಡು ಕೈಗಳು ಪುಸ್ತಕದ ಎರಡು ಕೈಗಳಂತೆಯೇ ಇದ್ದವು.

ಲವಾಂದ್ ಅವರ ಭಂಡಾರದಲ್ಲಿ ಆಟಗಳ ಸಂಖ್ಯೆ ಬಹಳ ದೊಡ್ಡದೇನಲ್ಲ. ಹೊಸತು ಹೊಸತು ಎಂದು ಹಾತೊರೆಯುವ ಈಗಿನ ಕಲಿಕೆಯ ಹುಡುಗರಿಗೆ ಇದು ನಂಬಲಾಗದ ಮಾತು. ಅವರು ಅದೇ ಆಟಗಳನ್ನು ದಶಕಗಟ್ಟಲೆ ಮಾಡಿದರು, ಮಾಡುತ್ತಾ ಮಾಡುತ್ತಾ ಅವುಗಳಿಂದ ಏನಾದರೂ ತೆಗೆದುಹಾಕುತ್ತಿದ್ದರು: ಒಂದು ಅನಗತ್ಯ ಚಲನೆ, ಒಂದು ಹೆಚ್ಚಿನ ಮಾತು. ಸಂಗೀತಗಾರರು ಒಂದೇ ರಾಗವನ್ನು ಜೀವನಪೂರ್ತಿ ಹಾಡಿದರೆ ನಾವು ಆಕ್ಷೇಪಿಸುವುದಿಲ್ಲ. ಜಾದೂಗಾರನಿಗೆ ಆ ಹಕ್ಕನ್ನು ಕೊಡಲು ನಾವು ಹಿಂಜರಿಯುತ್ತೇವೆ, ಗುಟ್ಟು ತಿಳಿದರೆ ಆಟ ಮುಗಿಯಿತೆಂಬ ಎಣಿಕೆಯಿಂದ. ಲವಾಂದ್ ಆ ಹಕ್ಕನ್ನು ಕೇಳದೆಯೇ ಪಡೆದುಕೊಂಡರು. ಅವರನ್ನು ಕರೆಸಿದವರು ‘ಹೊಸದೇನಿದೆ’ ಎನ್ನಲಿಲ್ಲ; ಆ ಆರು ಎಲೆಗಳನ್ನೇ ನೋಡಬೇಕೆಂದರು. ವೃತ್ತಿಯ ಯಶಸ್ಸಿಗೆ ಇದಕ್ಕಿಂತ ನಂಬಲರ್ಹವಾದ ಅಳತೆ ನನಗೆ ತಿಳಿದಿಲ್ಲ.

ದೇಶದೇಶ ಸುತ್ತಿದರೂ ಅವರು ತಾಂದಿಲ್ ಬಿಡಲಿಲ್ಲ. 2015ರ ಫೆಬ್ರವರಿ 7ರಂದು, 86ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರಲ್ಲಿ ಕಲಿಯಲೆಂದು ಬೇರೆ ಬೇರೆ ಕಡೆಗಳಿಂದ ಜಾದೂಗಾರರು ಆ ಗುಡ್ಡಗಳ ಊರಿಗೆ ಹೋಗುತ್ತಿದ್ದರು. ಇಲ್ಲೊಂದು ತಮಾಷೆ ಇದೆ. ಹಾಗೆ ಹೋದವರಲ್ಲಿ ಹೆಚ್ಚಿನವರಿಗೆ ಎರಡು ಕೈಗಳಿದ್ದವು. ಲವಾಂದ್ ತಮಗಾಗಿ ತಾವೇ ಕಂಡುಕೊಂಡ ಹಿಡಿತ, ಹೆಬ್ಬೆರಳಿನ ಸರಿತ, ಒಂದೇ ಕೈಯ ಹಂಚಿಕೆ, ಇದಾವುದೂ ಆ ಶಿಷ್ಯರಿಗೆ ಬೇಕಾಗಿರಲಿಲ್ಲ. ಆ ಶಿಷ್ಯರ ಕೈಗೆ ಬೇಕಾದದ್ದು ಎರಡು ಕೈಯವರ ಪುಸ್ತಕಗಳಲ್ಲಿ ಆಗಲೇ ಇತ್ತು. ಅವರು ಅಷ್ಟು ದೂರ ಹೋಗಿ ಎದುರಿಗೆ ಕೂತದ್ದು, ಮೂರನೆಯ ಕೆಂಪು ಎಲೆ ಇಟ್ಟಾದ ಮೇಲೆ ಕಪ್ಪು ಎಲೆ ಇಡುವುದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ನೋಡುವುದಕ್ಕೆ.